ಅಕ್ಕನ ಪಾಲಿನ ಎಂಟು ಸುತ್ತು

೨೦೦೫ರಲ್ಲಿ ನನಗೆ ಐವತ್ತೊಂದು ವರ್ಷ. ಹಲಸೂರಿನ ನಮ್ಮ ಮನೆಯಿಂದ ಇಂದಿರಾನಗರದ ಒಂದು ಕಾರ್ ಶೆಡ್ಡಿಗೆ ವಾರದಲ್ಲಿ ನಾಲ್ಕು ದಿನ ಹೋಗಿ ಸ್ಟೀಲ್ ಗಿಟಾರ್ ನುಡಿಸಿ ಬರುವುದು ನನ್ನ ಕೆಲಸವಾಗಿತ್ತು. ಸೆಷನ್ ಮ್ಯುಸಿಷಿಯನ್ ಎಂದು ಅದಕ್ಕೊಂದು ಹೆಸರುಂಟು. ಬೇರೆಯವರ ಹಾಡಿಗೆ ಬೇಕಾದಷ್ಟು ನುಡಿಸಿ ತಮ್ಮ ಪಾಡಿಗೆ ತಾವು ಎದ್ದು ಬರುವವರನ್ನು ಹಾಗೆನ್ನುತ್ತಾರೆ. ಕ್ಯಾಸೆಟ್ಟಿನ ಮೇಲೆ ನನ್ನ ಹೆಸರು ಬಂದದ್ದು ಮೂರೇ ಸಲ. ಅದರಲ್ಲಿ ಎರಡು ಸಲ ರಾಜೇಶ್ವರಿಯ ಬದಲು ರಾಜೇಶ್ ಎಂದು ಅಚ್ಚಾಗಿತ್ತು.

ಈ ವಾದ್ಯವನ್ನು ನೋಡದವರಿಗಾಗಿ ಎರಡು ಮಾತು. ಸ್ಟೀಲ್ ಗಿಟಾರನ್ನು ಎದೆಗೆ ಒರಗಿಸಿಕೊಂಡು ನುಡಿಸುವುದಿಲ್ಲ, ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತೇವೆ. ತಂತಿಯನ್ನು ಬೆರಳಿನಿಂದ ಒತ್ತುವ ಬದಲು, ಎಡಗೈಯಲ್ಲಿ ನುಣುಪಾದ ಒಂದು ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತೇವೆ. ಅದನ್ನು ಬಾರ್ ಎನ್ನುತ್ತಾರೆ. ಹಾಗಾಗಿ ಇದು ಸ್ವರದಿಂದ ಸ್ವರಕ್ಕೆ ಹಾರುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಮನುಷ್ಯರ ದನಿಗೆ ಇಷ್ಟು ಹತ್ತಿರದ ತಂತಿವಾದ್ಯ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಸಾರಂಗಿಯವರು ಜಗಳಕ್ಕೆ ಬಂದರೆ ಬರಲಿ. ಹುಡುಗಿಯರು ಕೂತು ನುಡಿಸಬಹುದು ಎಂಬ ಒಂದೇ ಕಾರಣಕ್ಕೆ ನಮ್ಮಪ್ಪ ನನ್ನನ್ನು ಪಾಠಕ್ಕೆ ಸೇರಿಸಿದ್ದರು.

ಹಿಂದೆ ರೇಡಿಯೊದಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮುನ್ನ ಎರಡು ಮೂರು ನಿಮಿಷ ಉಳಿದರೆ ವಾದ್ಯಸಂಗೀತ ಹಾಕುತ್ತಿದ್ದರು. ಬಹಳ ಸಲ ಅದು ಸ್ಟೀಲ್ ಗಿಟಾರೇ ಆಗಿರುತ್ತಿತ್ತು. ಖಾಲಿ ಜಾಗ ತುಂಬುವುದು ನಮ್ಮ ವಾದ್ಯದ ಹಣೆಯಲ್ಲೇ ಬರೆದಿತ್ತು. ಆರ್ಕೆಸ್ಟ್ರಾದಲ್ಲೂ ಅಷ್ಟೆ, ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ನಾವು ಒಂದು ಎಳೆ ನುಡಿಸಿ ಜಾಗ ತುಂಬಬೇಕು. ಅದನ್ನು ಫಿಲ್ ಎನ್ನುತ್ತಾರೆ. ಆ ಕೆಲಸದಲ್ಲಿ ನನಗೆ ಸೊಕ್ಕು ಎನ್ನುವಷ್ಟು ಹೆಮ್ಮೆಯಿತ್ತು.

ತೊಂಬತ್ತರ ದಶಕದಲ್ಲಿ ಕೀಬೋರ್ಡ್ ಬಂತು. ಒಂದು ಗುಂಡಿ ಒತ್ತಿದರೆ ಸ್ಟೀಲ್ ಗಿಟಾರ್, ಇನ್ನೊಂದು ಒತ್ತಿದರೆ ಶಹನಾಯಿ. ಶಿವಾಜಿನಗರದ ನಮ್ಮ ಆರ್ಕೆಸ್ಟ್ರಾದಲ್ಲಿ ಹನ್ನೊಂದು ಜನರ ಕೆಲಸವನ್ನು ಮೂರು ಜನ ಮಾಡತೊಡಗಿದರು. ನಾನು ಆರು ವರ್ಷ ಮನೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಒಂದು ದಿನ ಸೆಲ್ವಣ್ಣ ಫೋನ್ ಮಾಡಿದರು. ಅವರು ಅದೇ ಆರ್ಕೆಸ್ಟ್ರಾದ ಸೌಂಡ್ ನೋಡಿಕೊಳ್ಳುತ್ತಿದ್ದವರು, ಇಪ್ಪತ್ತು ವರ್ಷದ ಒಡನಾಟ. ಅವರ ಬೀದಿಯಲ್ಲಿ ಎಲ್ಲರೂ ಮನೆಗಳನ್ನು ಆಫೀಸಿಗೆ ಕೊಡುತ್ತಿದ್ದಾಗ ಇವರು ಕಾರು ಮಾರಿ, ಶೆಡ್ಡಿಗೆ ಥರ್ಮಾಕೋಲ್ ಬಡಿದು ಸ್ಟುಡಿಯೊ ಮಾಡಿದ್ದರು.

“ರಾಜಿ, ಇಂಟರ್ನೆಟ್ಟಲ್ಲಿ ಹಾಡು ಬರುತ್ತೆ. ನೀನು ನುಡಿಸು, ನಾನು ವಾಪಸ್ ಕಳಿಸ್ತೀನಿ. ಯಾರ ಮುಖಾನೂ ನೋಡೋ ಹಾಗಿಲ್ಲ. ನಿನ್ನ ಕೋಪಕ್ಕೆ ಹೇಳಿ ಮಾಡಿಸಿದ ಕೆಲಸ ಕಣಮ್ಮಾ” ಎಂದರು.

ರಿಮೋಟ್ ಸೆಷನ್ ಎಂದರೆ ಇಷ್ಟೆ. ಎಲ್ಲೋ ಇರುವ ಗಿರಾಕಿ ತನ್ನ ಹಾಡಿನ ಫೈಲ್ ಕಳಿಸುತ್ತಾನೆ. ನಾನು ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ನುಡಿಸುತ್ತೇನೆ. ನನ್ನ ಗಿಟಾರನ್ನು ಮಾತ್ರ ಬೇರೆ ಫೈಲ್ ಮಾಡಿ, ನಾನು ನುಡಿಸದ ಹೊತ್ತನ್ನೂ ಖಾಲಿಯಾಗಿ ಹಾಗೇ ಉಳಿಸಿ, ಹಾಡಿನ ಮೊದಲ ಕ್ಷಣದಿಂದಲೇ ಎಣಿಕೆ ಶುರುವಾಗುವಂತೆ ಇಟ್ಟು ಹಿಂದಿರುಗಿಸುತ್ತೇವೆ. ಅವರು ತಮ್ಮ ಹಾಡಿನ ಪಕ್ಕದಲ್ಲಿ ಅದನ್ನು ಕೂರಿಸಿದರೆ ಎರಡೂ ಸರಿಯಾಗಿ ಹೊಂದಿಕೊಳ್ಳುತ್ತವೆ. ಆಗಿನ ಬ್ರಾಡ್‌ಬ್ಯಾಂಡಿನಲ್ಲಿ ನಾಲ್ಕು ನಿಮಿಷದ ಗಿಟಾರ್ ಕಳಿಸಲು ಒಂದು ಗಂಟೆಗೂ ಮೇಲೆ ಬೇಕಾಗುತ್ತಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಸೆಲ್ವಣ್ಣ ಅಷ್ಟು ಹೊತ್ತೂ ಪರದೆಯ ಮುಂದೆ ಕೂತು ಅದಕ್ಕೆ ತಮಿಳಿನಲ್ಲಿ ಬುದ್ಧಿ ಹೇಳುತ್ತಿದ್ದರು.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಸಿಂಧನೂರಿನಿಂದ ಒಂದು ಫೈಲ್ ಬಂತು. ಅಲ್ಲಿ ಭಜನೆ ಕ್ಯಾಸೆಟ್ ಮಾಡುವ ಮಹಾಂತೇಶ ಎಂಬವರ ಚಿಕ್ಕ ಸ್ಟುಡಿಯೊ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಇಮೇಲಿನಲ್ಲಿ ಒಂದೇ ಸಾಲು: ‘ಈ ಪದಕ್ಕ ಸ್ಟೀಲ್ ಗಿಟಾರ್ ಹಾಕಿ ಕಳಸ್ರಿ.’

ಕೇಳಿದೆವು. ಒಬ್ಬ ಹೆಂಗಸಿನ ದನಿ, ಬೇರೆ ಯಾವ ವಾದ್ಯವೂ ಇಲ್ಲ. ಶ್ರುತಿ ಹಾರ್ಮೋನಿಯಂ ಲೆಕ್ಕದ ಐದು ಮನೆಗೂ ಐದೂವರೆಗೂ ನಡುವೆ, ಯಾವ ಮನೆಗೂ ಸೇರದೆ ಎಲ್ಲೋ ನಿಂತಿತ್ತು. ಕೀಬೋರ್ಡಿನವರು ಕೈಚೆಲ್ಲುತ್ತಿದ್ದರು. ನನಗೇನೂ ತೊಂದರೆಯಿಲ್ಲ, ನನ್ನ ಬಾರ್ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಆದರೆ ದನಿಯ ಹಿಂದೆ ಮೊದಲಿನಿಂದ ಕೊನೆಯವರೆಗೆ ಗರಗರ ಎಂಬ ಸದ್ದು. “ಅರ್ಥಿಂಗ್ ಸರಿಯಿಲ್ಲ ಪಾಪ, ಮೈಕಲ್ಲಿ ಕರೆಂಟಿನ ಹಮ್ ಬರ್ತಾ ಇದೆ” ಎಂದು ಸೆಲ್ವಣ್ಣ ಕಂಪ್ಯೂಟರಿನಲ್ಲಿ ಆ ಸದ್ದನ್ನು ಕಷ್ಟಪಟ್ಟು ಒರೆಸಿ ಹಾಕಿ, ಹಾಗೆ ಶುಚಿ ಮಾಡಿದ ದನಿಯನ್ನೂ ಗಿಟಾರಿನ ಜೊತೆ ಕಳಿಸಲು ಇಟ್ಟರು. ಇನ್ನೊಂದು ವಿಚಿತ್ರವೆಂದರೆ ಆಕೆ ಒಂದು ಸಾಲು ಹಾಡಿ ಹತ್ತು ಸೆಕೆಂಡ್ ಸುಮ್ಮನಿರುತ್ತಿದ್ದರು. ಮತ್ತೆ ಒಂದು ಸಾಲು, ಮತ್ತೆ ಹತ್ತು ಸೆಕೆಂಡ್. ಹನ್ನೆರಡು ಸಾಲು, ಹನ್ನೆರಡು ಖಾಲಿ ಜಾಗ. ಫಿಲ್ ನುಡಿಸುವವರಿಗೆ ಇದಕ್ಕಿಂತ ದೊಡ್ಡ ಔತಣ ಸಿಗುವುದಿಲ್ಲ. ಹನ್ನೆರಡಕ್ಕೂ ಹನ್ನೆರಡು ಬಗೆಯಲ್ಲಿ ನುಡಿಸಿದೆ. ಮುಗಿಸಿ ಎದ್ದಾಗ ಸೆಲ್ವಣ್ಣ ಚಪ್ಪಾಳೆ ತಟ್ಟಿದರು.

ಎರಡು ದಿನಕ್ಕೆ ಉತ್ತರ ಬಂತು. ‘ಮೇಡಂರೀ, ಭಾಳ ಛಲೋ ಬಾರ್ಸೀರಿ. ಆದ್ರ ನಡಕಿನ ಜಾಗಾದಾಗ ಬ್ಯಾಡ್ರಿ.’

ನನಗೆ ಮೈಯುರಿಯಿತು. ಆದರೂ ಎರಡನೆಯ ಸಲ ಮೆಲ್ಲಗೆ, ಇದ್ದೂ ಇಲ್ಲದ ಹಾಗೆ, ಅರ್ಧದಷ್ಟು ನುಡಿಸಿ ಕಳಿಸಿದೆ. ಅದೂ ವಾಪಸ್. ‘ಆ ಜಾಗಾ ಬಿಟ್ಟು ಬಾರ್ಸ್ರಿ. ಗರಗರ ಸದ್ದು ಯಾಕ ತೆಗೆದೀರಿ?’ ಮೂವತ್ತು ವರ್ಷದಲ್ಲಿ ನನ್ನ ನುಡಿಸಾಣಿಕೆ ಎರಡು ಸಲ ತಿರುಗಿ ಬಂದದ್ದು ಅದೇ ಮೊದಲು. ಗಿಟಾರ್ ಎಂದರೇನೆಂದು ಗೊತ್ತಿಲ್ಲದವರ ಸಹವಾಸ ಸಾಕು, ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದು ಸೆಲ್ವಣ್ಣನಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ಫೋನ್ ನಂಬರ್ ಒತ್ತಿ ರಿಸೀವರ್ ನನ್ನ ಕೈಗೆ ಕೊಟ್ಟರು. “ಬೈಯೋದಾದ್ರೆ ನೇರ ಅವರಿಗೇ ಬೈ. ನನ್ನ ಶೆಡ್ಡಲ್ಲಿ ಬೇಡ.”

ಆ ಕಡೆ ಮಹಾಂತೇಶ ಎತ್ತಿ, “ಹಾಡಿದವ್ರು ಇಲ್ಲೇ ಅದಾರ, ತಡೀರಿ” ಎಂದು ಇನ್ನೊಬ್ಬರಿಗೆ ಕೊಟ್ಟರು. ಹೆಡ್‌ಫೋನಿನಲ್ಲಿ ನಾನು ನೂರು ಸಲ ಕೇಳಿದ್ದ ದನಿ. ಹೆಸರು ಶರಣಮ್ಮ, ಸಿಂಧನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್.

“ಏನಮ್ಮಾ, ಇಷ್ಟುದ್ದ ಖಾಲಿ ಜಾಗ ಬಿಟ್ಟು ಗಿಟಾರ್ ಬೇಡ ಅಂದ್ರೆ ಹಾಡು ಸಪ್ಪೆ ಆಗಲ್ವಾ?” ಎಂದೆ. ಸ್ವಲ್ಪ ಗಡುಸಾಗಿಯೇ ಕೇಳಿದ್ದೆ.

“ಅದು ಖಾಲಿ ಜಾಗಾ ಅಲ್ರಿ ಮೇಡಂ” ಎಂದರು ಶರಣಮ್ಮ. “ಅದು ನಮ್ಮಕ್ಕನ ಪಾಲು.”

ಆಮೇಲೆ ಅವರು ನಿಧಾನವಾಗಿ ಹೇಳಿದ್ದು ಇದು. ಅದು ಬೀಸುವ ಪದ. ಬೀಸುಕಲ್ಲಿನ ಎದುರು ಬದುರು ಅಕ್ಕ ತಂಗಿ ಕೂತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ಜೋಳ ಬೀಸುವಾಗ ಒಬ್ಬಳು ಒಂದು ಸಾಲು ಹೇಳಿದರೆ ಇನ್ನೊಬ್ಬಳು ಎದುರು ಸಾಲು ಹೇಳಬೇಕು. ಕಲ್ಲು ಎಂಟು ಸುತ್ತು ತಿರುಗುವಷ್ಟು ಹೊತ್ತು ತಂಗಿಯದು, ಎಂಟು ಸುತ್ತು ಅಕ್ಕನದು. ನಾವು ಹಮ್ ಎಂದು ಒರೆಸಿ ಹಾಕಿದ ಗರಗರ ಸದ್ದು ಬೀಸುಕಲ್ಲಿನದು. ಅದನ್ನು ಎತ್ತಿನ ಗಾಡಿಯಲ್ಲಿ ಹಾಕಿಸಿಕೊಂಡು ಬಂದು ಮಹಾಂತೇಶರ ಮೈಕಿನ ಮುಂದೆ ಇಟ್ಟು ಒಬ್ಬರೇ ಬೀಸುತ್ತ ಹಾಡಿದ್ದರು.

ಅಕ್ಕ ಬಸಮ್ಮ ಗಂಡನ ಜೊತೆ ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ತಮ್ಮ ಕಡೆಯ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರಂತೆ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು, ಮಾತು ನಿಂತಿತು. ಮಾತು ಕಲಿಸುವ ಥೆರಪಿಸ್ಟ್ ಒಬ್ಬರು, ಮಾತು ನಿಂತವರಿಗೂ ಚಿಕ್ಕಂದಿನ ಹಾಡು ಬಾಯಿಗೆ ಬರಬಹುದು, ದಿನಾ ಹಾಡಿಸಿ ನೋಡಿ, ತಡ ಮಾಡಿದಷ್ಟೂ ಕಷ್ಟ ಎಂದಿದ್ದರು. ಶರಣಮ್ಮ ರಜೆ ಹಾಕಿ ಬಂದು ಎದುರು ಕೂತು ಹಾಡಿದಾಗ ಅಕ್ಕನ ತುಟಿ ಅಲುಗಿತ್ತು. ಆದರೆ ರಜೆ ನಾಲ್ಕೇ ದಿನ. ಅದಕ್ಕೇ, ತಾವಿಲ್ಲದಾಗಲೂ ಅಕ್ಕ ದಿನಾ ಕೇಳಿ ಹಾಡಲೆಂದು, ಈ ಹಾಡಿನ ಸಿ.ಡಿ. ಮಾಡಿಸುತ್ತಿದ್ದರು.

“ಗಿಟಾರ್ ಯಾಕೆ ಬೇಕಿತ್ತು?” ಎಂದೆ. ನನ್ನ ದನಿ ಆಗಲೇ ಇಳಿದಿತ್ತು.

“ಸಣ್ಣವರಿದ್ದಾಗ ಪಂಚಾಯ್ತಿ ರೇಡಿಯೊದಾಗ ಇದು ಬಂದ್ರ ಅಕ್ಕ ಕಲ್ಲು ನಿಲ್ಲಿಸಿಬಿಡ್ತಿದ್ಲ್ರಿ. ಅದರಂಗ ದನಿ ಜಾರಿಸಿ ನನ್ನ ನಗಸ್ತಿದ್ಲು. ಇದನ್ನ ಕೇಳಿದ್ರ ತಲಿ ಎತ್ತತಾಳ ಅಂತ ನನಗ ಆಸೆ. ಆದ್ರ ಆಕಿ ಜಾಗಾದಾಗ ನೀವ ಬಾರ್ಸಿದ್ರ ಸುಮ್ನ ಕೇಳ್ಕೋತ ಕೂಡ್ತಾಳ್ರಿ. ಆಕಿ ಕೇಳೂದು ಬ್ಯಾಡ. ಹಾಡಬೇಕು.”

ಎರಡು ಸಲ ನಾನು ಆ ಅಕ್ಕನ ಬಾಯಿಯ ಮೇಲೆ ಕೈಯಿಟ್ಟಿದ್ದೆ, ಅದೂ ಬಹಳ ಚೆಂದವಾಗಿ. “ಮೊದಲ ಸಾಲಿಗೆ ಅಕ್ಕ ಏನು ಹೇಳಬೇಕು?” ಎಂದು ಕೇಳಿದೆ. ತಂಗಿಯ ಸಾಲು ನನಗೆ ಬಾಯಿಪಾಠವಾಗಿತ್ತು: ‘ಕಲ್ಲ ಕರದಾವ ಅಕ್ಕ, ಜ್ವಾಳ ಕಾದಾವ ಬಾರ.’ ಅಕ್ಕನ ಸಾಲನ್ನು ಶರಣಮ್ಮ ಫೋನಿನಲ್ಲೇ ಹಾಡಿ ತೋರಿಸಿದರು: ‘ತಡಿಯ ತಂಗಿ ತಡಿಯ, ಸೆರಗ ಸಿಗಿಸಿ ಬಂದೆ.’

ಮೂರನೆಯ ಸಲ ತಂಗಿಯ ದನಿಯ ಜೊತೆಗೆ ಮಾತ್ರ ನುಡಿಸಿದೆ. ಅವಳ ಸಾಲು ಮುಗಿಯುವಲ್ಲಿ ಅಕ್ಕ ಎತ್ತಿಕೊಳ್ಳಬೇಕಾದ ಸ್ವರವನ್ನು ಒಮ್ಮೆ ಮುಟ್ಟಿ ಬಾರ್ ಎತ್ತಿಬಿಟ್ಟೆ. ಆಮೇಲೆ ಎಂಟು ಸುತ್ತು ಬರೀ ಕಲ್ಲಿನ ಸದ್ದು. ಸೆಲ್ವಣ್ಣ ಅದನ್ನು ವಾಪಸ್ ತಂದು ಮೊದಲಿಗಿಂತ ಚೆನ್ನಾಗಿ ಕೂರಿಸಿದ್ದರು. ಮಹಾಂತೇಶ ಸಿ.ಡಿ. ಮಾಡಿ ಬಸಮ್ಮನಿಗೆ ಕಳಿಸಿದರು.

ಹತ್ತು ದಿನದ ಮೇಲೆ ಶರಣಮ್ಮನೇ ಫೋನ್ ಮಾಡಿದರು. ಗಿಟಾರ್ ಕೇಳಿ ಅಕ್ಕ ತಲೆ ಎತ್ತಿದ್ದು ನಿಜ. ಆದರೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲು ಬಂದುಬಿಡುತ್ತಿತ್ತು. ಈಗ ಸಿ.ಡಿ. ಹಾಕಿದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. “ಇರ್ಲಿ ಬಿಡ್ರಿ ಮೇಡಂ, ನಿಮಗೂ ಭಾಳ ತ್ರಾಸ ಕೊಟ್ಟೆ” ಎಂದರು. ಆ ‘ಇರ್ಲಿ ಬಿಡ್ರಿ’ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅಕ್ಕ ಬೆಂಗಳೂರಿನಲ್ಲಿ ಎಲ್ಲಿದ್ದಾರೆ ಎಂದು ಕೇಳಿದೆ.

“ಕೆ.ಆರ್. ಪುರಂ ಅಂತ್ರಿ. ರೈಲ್ವೆ ಸ್ಟೇಷನ್ ಹಿಂದ.”

ಸೆಲ್ವಣ್ಣ ಹಣೆ ಚಚ್ಚಿಕೊಂಡರು. ಫೈಲನ್ನು ನಾನೂರು ಕಿಲೋಮೀಟರ್ ಆಚೆ ಸಿಂಧನೂರಿಗೆ ಕಳಿಸಿ, ಅದು ಅಲ್ಲಿಂದ ಕೊರಿಯರಿನಲ್ಲಿ ಬಂದು ಸೇರುತ್ತಿದ್ದ ಮನೆ, ನಮ್ಮ ಶೆಡ್ಡಿನಿಂದ ಒಂದು ಆಟೊ ದೂರದಲ್ಲಿತ್ತು. ಯಾರ ಮುಖವನ್ನೂ ನೋಡದ ಕೆಲಸದ ಮಹಿಮೆ ಇದು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಕರೆಂಟ್ ಬೇಡದ ನನ್ನ ಹಳೆಯ ಮರದ ಗಿಟಾರ್ ತೆಗೆದುಕೊಂಡಿದ್ದೆ. ಹಿಂದೆ ಹೊಲವಾಗಿದ್ದ ಜಾಗದಲ್ಲಿ ಮಾಲೀಕರು ಸಾಲಾಗಿ ಕಟ್ಟಿದ ಶೀಟಿನ ಮನೆಗಳು, ಅದರಲ್ಲಿ ಮೂರನೆಯದು. ಬಸಮ್ಮನ ಗಂಡ ಮಲ್ಲಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವರು. ನಾವು ಯಾಕೆ ಬಂದೆವೆಂದು ಗೊತ್ತಿದ್ದರೂ, ಇದ್ದ ಒಂದು ಕುರ್ಚಿಯನ್ನು ಯಾರಿಗೆ ಹಾಕಬೇಕೆಂದು ತಿಳಿಯದೆ ಅದನ್ನು ಹಿಡಿದೇ ನಿಂತಿದ್ದರು. ಬಸಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನಗಿಂತ ಚಿಕ್ಕವರು, ನಲವತ್ತಾರು. ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಹಿಡಿದುಕೊಂಡಿದ್ದರು.

ನಾನು ಚಾಪೆಯ ಮೇಲೇ ಎದುರಿಗೆ ಕೂತು ಗಿಟಾರನ್ನು ತೊಡೆಯ ಮೇಲಿಟ್ಟೆ. ಅವರು ವಾದ್ಯವನ್ನು ನೋಡಿದರು, ಬಾರ್ ನೋಡಿದರು, ನನ್ನನ್ನು ನೋಡಿದರು. ಅಷ್ಟು ವರ್ಷ ಕೇಳಿದ್ದ ಸದ್ದು ಹೇಗೆ ಹುಟ್ಟುತ್ತದೆಂದು ಅವರು ನೋಡಿದ್ದು ಅದೇ ಮೊದಲಿರಬೇಕು.

“ಕಲ್ಲಿಲ್ಲಲ್ರಿ” ಎಂದರು ಮಲ್ಲಪ್ಪ. ಅಡುಗೆ ಮೂಲೆಯಿಂದ ಕಬ್ಬಿಣದ ರೊಟ್ಟಿ ಹೆಂಚನ್ನು ತಂದು ನೆಲದ ಮೇಲೆ ಬೋರಲು ಹಾಕಿ, ಅಂಗೈಯಿಂದ ಒತ್ತಿ ತಿರುಗಿಸಿದರು. ಗರಗರ ಎಂದಿತು. ಬಸಮ್ಮನ ಕಣ್ಣು ಹೆಂಚಿನ ಮೇಲೆ ನಿಂತಿತು. ಎಂಟು ತಿಂಗಳಿಂದ ಅದು ಒಲೆಯ ಮೇಲೆ ಏರಿರಲಿಲ್ಲ.

ತಂಗಿಯ ಸಾಲನ್ನು ಗಿಟಾರಿನಲ್ಲಿ ನುಡಿಸಿದೆ. ಅಕ್ಕನ ಸ್ವರ ಮುಟ್ಟಿ ಬಾರ್ ಎತ್ತಿದೆ. ಮಲ್ಲಪ್ಪ ತಿರುಗಿಸುತ್ತಿದ್ದರು, ಸೆಲ್ವಣ್ಣ ಬೆರಳು ಮಡಚಿ ಎಣಿಸುತ್ತಿದ್ದರು. ಎಂಟು ಸುತ್ತು ಮುಗಿಯಿತು, ಏನೂ ಇಲ್ಲ. ಹತ್ತು. ಹನ್ನೊಂದು. ಆ ಕಾಯುವಿಕೆಯ ಕಷ್ಟ ನನ್ನ ಕೈಗೆ ಮಾತ್ರ ಗೊತ್ತು. ಮೂವತ್ತು ವರ್ಷ ಜಾಗ ಕಂಡಲ್ಲೆಲ್ಲ ತುಂಬಿದ ಕೈ ಅದು, ತಾನಾಗಿಯೇ ತಂತಿಯ ಕಡೆ ಹೊರಟಿತು. ಬಾರನ್ನು ಸೀರೆಯ ನೆರಿಗೆಯೊಳಗೆ ಒತ್ತಿ ಹಿಡಿದುಕೊಂಡೆ. ಹದಿಮೂರನೆಯ ಸುತ್ತಿಗೆ ಬಸಮ್ಮನ ತುಟಿ ಅಲುಗಿತು. ಮಲ್ಲಪ್ಪ ಹೆಂಚು ನಿಲ್ಲಿಸಲು ಹೋದರು.

“ನಿಲ್ಲಿಸ್ಬೇಡಿ ಸಾಮಿ, ತಿರುಗಿಸ್ತಾನೇ ಇರಿ” ಎಂದರು ಸೆಲ್ವಣ್ಣ ಪಿಸುದನಿಯಲ್ಲಿ.

ಹದಿನೇಳನೆಯ ಸುತ್ತಿಗೆ ಆ ಸಾಲಿನ ಕೊನೆಯ ಮಾತು ಮೊದಲು ಬಂತು. “ಬಂದೆ.” ಒಡಕು ದನಿ, ಆದರೆ ಸ್ವರ ಎಲ್ಲಿರಬೇಕೋ ಅಲ್ಲೇ ಇತ್ತು. ಸ್ವಲ್ಪ ತಡೆದು ಇನ್ನೊಮ್ಮೆ “ಬಂದೆ” ಎಂದರು. ಮಲ್ಲಪ್ಪ ಹೆಂಚಿನ ಮೇಲೆ ಬಗ್ಗಿಕೊಂಡೇ ಅಳುತ್ತಿದ್ದರು, ಕೈ ಮಾತ್ರ ನಿಲ್ಲಿಸಿರಲಿಲ್ಲ. ನಾನೂ ಅತ್ತೆ. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

ಅಂದು ಹನ್ನೆರಡು ಸಾಲಿಗೂ ಹಾಗೆಯೇ ಕೂತೆವು. ನಾಲ್ಕಕ್ಕೆ ಒಂದೋ ಎರಡೋ ಮಾತು ಬಂತು, ಉಳಿದವಕ್ಕೆ ಬರಲಿಲ್ಲ. ಯಾವ ಸಾಲಿಗೆ ಎಷ್ಟು ಸುತ್ತು ಬೇಕೆಂದು ಸೆಲ್ವಣ್ಣ ಬಸ್ ಟಿಕೆಟಿನ ಹಿಂದೆ ಬರೆದುಕೊಂಡರು. ಮರುದಿನ ಶೆಡ್ಡಿನಲ್ಲಿ ಶರಣಮ್ಮನ ಹಾಡನ್ನು ಸಾಲು ಸಾಲಾಗಿ ಕತ್ತರಿಸಿ, ನಡುವೆ ಕಲ್ಲಿನ ಸದ್ದನ್ನೇ ಎಳೆದು ಬೆಳೆಸಿದರು. ಮೊದಲ ಜಾಗಕ್ಕೆ ಇಪ್ಪತ್ತನಾಲ್ಕು ಸುತ್ತು, ಉಳಿದವಕ್ಕೆ ಹದಿನೆಂಟು ಇಪ್ಪತ್ತು. ನಾಲ್ಕು ನಿಮಿಷದ ಹಾಡು ಏಳು ನಿಮಿಷವಾಯಿತು. ಯಾವ ತಾಳದ ಲೆಕ್ಕಕ್ಕೂ ಸಿಗದ ಹಾಡು. ಬೇರೆ ಗಿರಾಕಿ ಕೇಳಿದ್ದರೆ ನಮ್ಮ ತಲೆ ಕೆಟ್ಟಿದೆ ಎನ್ನುತ್ತಿದ್ದ.

ನಮ್ಮ ಕಸುಬಿನಲ್ಲಿ ರಿವಿಷನ್ ಎಂಬ ಪದ ಕಂಡರೆ ಯಾರಿಗೂ ಆಗುವುದಿಲ್ಲ. ಮಾಡಿದ್ದನ್ನು ಮತ್ತೆ ಮಾಡಿ ಕೊಡಿ ಎಂದು ಅರ್ಥ. ತಿಂಗಳಾದ ಮೇಲೆ ಮಹಾಂತೇಶರ ಇಮೇಲ್ ಬಂದಾಗ ಅದನ್ನು ಓದಲು ನನಗೆ ಭಯವಾಯಿತು. ಸೆಲ್ವಣ್ಣ ಜೋರಾಗಿ ಓದಿದರು. ‘ಜಾಗಾ ದೊಡ್ಡದಾತಂತ್ರಿ. ಅಕ್ಕ ಹಾಡಿ ಮುಗಿಸಿ ಕುಂತಿರ್ತಾಳಂತ. ಒಂದೀಟು ಸಣ್ಣ ಮಾಡಿ ಕೊಡ್ರಿ.’

ಹದಿನಾರು ಸುತ್ತು ಮಾಡಿಕೊಟ್ಟೆವು. ಆರು ವಾರಕ್ಕೆ ಮತ್ತೊಂದು ರಿವಿಷನ್, ಹನ್ನೆರಡು. ನಾನು ಆತುರದಿಂದ ದಾರಿ ಕಾದ ರಿವಿಷನ್‌ಗಳು ನನ್ನ ಇಡೀ ವೃತ್ತಿಯಲ್ಲಿ ಅವು ಮಾತ್ರ. ಡಿಸೆಂಬರ್ ಹೊತ್ತಿಗೆ ಎಂಟಕ್ಕೆ ಬಂದಿತ್ತು. ಮಾತು ಪೂರ್ತಿ ಮರಳಲಿಲ್ಲ, ಅದನ್ನು ಮುಚ್ಚಿಡಬಾರದು. ನೀರು, ಸಾಕು, ಬಾ ಎಂಬಂಥ ಕೆಲವು ಮಾತು ಬಂದವು, ಗಂಡನ ಹೆಸರು ಬಂತು. ಹಾಡು ಮಾತ್ರ ಪೂರ್ತಿ ಬಂತು.

ಆ ಕೆಲಸ ನನಗೆ ಕಲಿಸಿದ್ದು ಒಂದೇ ಪ್ರಶ್ನೆ. ನಿವೃತ್ತಳಾಗುವವರೆಗೆ ಮುಂದಿನ ಎಲ್ಲ ಹಾಡಿಗೂ ನುಡಿಸುವ ಮೊದಲು ಗಿರಾಕಿಗೆ ಅದನ್ನು ಕೇಳುತ್ತಿದ್ದೆ: ಈ ಜಾಗ ಯಾರದು? ಹೆಚ್ಚಿನವರು ನಕ್ಕು, ನಿಮ್ಮದೇ ಮೇಡಂ, ನುಡಿಸಿ ಎನ್ನುತ್ತಿದ್ದರು. ಕೆಲವರು ಹಾಡನ್ನು ಇನ್ನೊಮ್ಮೆ ಕೇಳಿ ಹೇಳುತ್ತೇನೆ ಎನ್ನುತ್ತಿದ್ದರು. ಅವರ ಹಾಡುಗಳಿಗೆ ನಾನು ಚೆನ್ನಾಗಿ ನುಡಿಸಿದ್ದೇನೆ ಎಂದುಕೊಂಡಿದ್ದೇನೆ.

ಮರುವರ್ಷ ಸಂಕ್ರಾಂತಿಗೆ ಬಸಮ್ಮ ಊರಿಗೆ ಹೋದರು. ವಾರದ ಮೇಲೆ ಸಿಂಧನೂರಿನಿಂದ ಹೊಸ ಫೈಲ್ ಬಂತು. ‘ಅಕ್ಕ ತಂಗಿ ಕೂಡಿ ಹಾಡ್ಯಾರ್ರಿ. ಈ ಸಲ ನಿಮಗ ಎಲ್ಲಿ ಬೇಕಾರ ಅಲ್ಲಿ ಬಾರ್ಸ್ರಿ.’ ಹೆಡ್‌ಫೋನ್ ಹಾಕಿಕೊಂಡೆ. ಗರಗರ ಕಲ್ಲು. ತಂಗಿ ಎಂಟು ಸುತ್ತು, ಅಕ್ಕ ಎಂಟು ಸುತ್ತು. ಒಂದು ಕಡೆ ಅಕ್ಕ ದನಿಯನ್ನು ಬೇಕೆಂದೇ ಗಿಟಾರಿನಂತೆ ಜಾರಿಸಿದ್ದರು, ತಂಗಿ ನಗು ತಡೆದುಕೊಂಡದ್ದು ಕೇಳುತ್ತಿತ್ತು. ಮೂರು ಸಲ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಉಸಿರಾಡುವಷ್ಟು ಜಾಗವೂ ಎಲ್ಲೂ ಇರಲಿಲ್ಲ. ನಾಲ್ಕನೆಯ ಸಲ ಬಾರ್ ಕೈಗೆತ್ತಿಕೊಂಡು, ಹಾಡೆಲ್ಲ ಮುಗಿದು ಕಲ್ಲು ನಿಂತ ಮೇಲೆ, ಒಂದೇ ಒಂದು ಸ್ವರ ನುಡಿಸಿ ಕಳಿಸಿದೆ.

ಸಂಜೆ ಮಹಾಂತೇಶ ಫೋನ್ ಮಾಡಿದರು. “ಮೇಡಂರೀ, ನಿಮ್ಮ ಫೈಲ್ ಖಾಲಿ ಬಂದದ.”

“ಖಾಲಿ ಅಲ್ಲಪ್ಪ” ಎಂದೆ. “ಅವರಿಬ್ಬರದೂ ಮುಗೀಲಿ, ಆಮೇಲೆ ಕೇಳಿ.”